ಕಾರಿನ ಹಾಡು ಯಾವ ತಂತಿಯಲ್ಲಿ ಬರುತ್ತದೆ?

ಹೊಸ ಕಾರು ಕೊಂಡು ಆರು ತಿಂಗಳಾಗುವಷ್ಟರಲ್ಲಿ ಅದರ ಸ್ಟೀರಿಯೋ ಬಗ್ಗೆ ಬೇಸರ ಶುರುವಾಗುವುದು ಲೋಕಾರೂಢಿ. ಕಂಪನಿ ಕೊಟ್ಟ ಸ್ಪೀಕರ್ ಸಪ್ಪೆ, ಬೇಸ್ ಇಲ್ಲ, ವಾಲ್ಯೂಮ್ ಏರಿಸಿದರೆ ಕಿರಿಕಿರಿ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೋ, ದೆಹಲಿಯ ಕರೋಲ್ ಬಾಗಿಗೋ, ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋದರೆ ಅಂಗಡಿಯವರು ಹತ್ತೇ ನಿಮಿಷದಲ್ಲಿ ಆಂಪ್ಲಿಫೈಯರ್, ಸಬ್‌ವೂಫರ್ ಅಂತ ಎಸ್ಟಿಮೇಟ್ ಬರೆದು ಕೈಗಿಡುತ್ತಾರೆ. ಆದರೆ ಆ ಆಂಪ್ಲಿಫೈಯರಿಗೆ ಸಿಗ್ನಲ್ ಎಲ್ಲಿಂದ ತರುತ್ತಾರೆ ಎನ್ನುವುದು ಎಸ್ಟಿಮೇಟಿನಲ್ಲಿ ಇರುವುದಿಲ್ಲ. ಖರ್ಚು ದಂಡವಾಗುವುದು ಸಾಮಾನ್ಯವಾಗಿ ಅಲ್ಲೇ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1930. ಅಮೆರಿಕದ ಷಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಎಂಬಾತ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು, ರೇಡಿಯೋ ತಯಾರಕರ ಸಮ್ಮೇಳನ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದ. ಒಳಗೆ ಮಳಿಗೆ ಇರಲಿಲ್ಲ, ಹೊರಗೇ ಕಾರು ನಿಲ್ಲಿಸಿ ಹಾಡು ಕೇಳಿಸಿದ. ಆ ರೇಡಿಯೋಗೆ ಇಟ್ಟ ಹೆಸರು ಮೋಟೊರೋಲಾ. ಬೆಲೆ ಸುಮಾರು 110ರಿಂದ 130 ಡಾಲರ್. ಕಾರಿನ ಬ್ಯಾಟರಿ ಕೇವಲ 6 ವೋಲ್ಟಿನದು, ವಾಲ್ವ್‌ಗಳಿಗೋ ಅದರ ಎಷ್ಟೋ ಪಟ್ಟು ವೋಲ್ಟೇಜ್ ಬೇಕು. ಹಾಗಾಗಿ ಬೇರೆ ಬ್ಯಾಟರಿಗಳನ್ನೇ ಇಡಬೇಕಾಗುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಕಿಡಿ ರೇಡಿಯೋದಲ್ಲಿ ಚಟಪಟ ಅಂತ ಕೇಳಿಸದಂತೆ ಮಾಡುವುದು ಇನ್ನೊಂದು ದೊಡ್ಡ ಕೆಲಸ. ಕಾರಿನ ಕರೆಂಟಿಗೂ ಹಾಡಿಗೂ ಜಗಳ ಅಂದಿನಿಂದಲೇ ಇದೆ ನೋಡಿ.

1955ರಲ್ಲಿ ಫಿಲ್ಕೋ ಮತ್ತು ಕ್ರೈಸ್ಲರ್ ಕಂಪನಿಗಳು ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ತಂದವು. ಹೆಚ್ಚಿನ ವೋಲ್ಟೇಜಿನ ತಾಪತ್ರಯ ಮುಗಿಯಿತು. ಮುಂದೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಡ್ಯಾಶ್‌ಬೋರ್ಡ್ ಕಿಂಡಿ ಜರ್ಮನಿಯ ಡಿನ್ ಮಾನದಂಡವಾಗಿ ಬಂತು. ಯಾವ ಕಂಪನಿಯ ಸೆಟ್ ಆದರೂ ಅದರಲ್ಲಿ ಕೂರುತ್ತಿತ್ತು. ನಮ್ಮ ಮಾರುತಿ, ಫಿಯೆಟ್ ಕಾರುಗಳಲ್ಲಿ ಕ್ಯಾಸೆಟ್ ಪ್ಲೇಯರ್ ಹಾಕಿಸಿಕೊಂಡವರಿಗೆ ಈ ಸುಖ ಗೊತ್ತು. ಟ್ಯೂನರ್, ಟೇಪು, ಆಂಪ್ಲಿಫೈಯರ್ ಎಲ್ಲ ಒಂದೇ ಡಬ್ಬಿಯಲ್ಲಿ. ಅಲ್ಲಿಂದ ಹೊರಟ ತಂತಿ ನೇರ ಸ್ಪೀಕರಿಗೆ. ಹಳೆಯ ಬ್ಯಾಂಕ್ ಶಾಖೆ ಇದ್ದ ಹಾಗೆ: ಲೆಡ್ಜರು, ಕ್ಯಾಶು, ಮ್ಯಾನೇಜರು ಎಲ್ಲ ಒಂದೇ ಸೂರಿನಡಿ.

ಈ ಡಬ್ಬಿಯ ಮೇಲೆ "50 ವ್ಯಾಟ್ x 4" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದಲ್ಲ, ಅದರ ಲೆಕ್ಕ ಸ್ವಾರಸ್ಯವಾಗಿದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. ಸ್ಪೀಕರಿನ ಒಂದು ತುದಿಯನ್ನು ಕಾರಿನ ಬಾಡಿಗೆ ಕಟ್ಟುವ ಹಳೆಯ ಪದ್ಧತಿಯಲ್ಲಿ ಅರ್ಧ ವೋಲ್ಟೇಜ್ ಮಾತ್ರ ದಕ್ಕುತ್ತದೆ. ಲೆಕ್ಕ ಹಾಕಿದರೆ ಬರುವುದು ಸುಮಾರು ಆರೂವರೆ ವ್ಯಾಟ್. ಆಮೇಲೆ ಸ್ಪೀಕರಿನ ಎರಡೂ ತುದಿಗೆ ಒಂದೊಂದು ಆಂಪ್ಲಿಫೈಯರ್ ಕೊಟ್ಟು, ಒಂದು ಎಳೆದಾಗ ಇನ್ನೊಂದು ತಳ್ಳುವ ಬ್ರಿಜ್ ಪದ್ಧತಿ ಬಂತು. ಆಗ ವ್ಯಾಟ್ ನಾಲ್ಕು ಪಟ್ಟು, ಅಂದರೆ ಹೆಚ್ಚೆಂದರೆ 26. ಹಾಗಾದರೆ 50 ಎಲ್ಲಿಂದ ಬಂತು? ಹಾಡು ಪೂರ್ತಿ ವಿಕಾರವಾಗಿ, ಅಲೆಯ ನೆತ್ತಿ ಚಪ್ಪಟೆಯಾಗುವವರೆಗೆ ವಾಲ್ಯೂಮ್ ಏರಿಸಿದರೆ 14.4ರ ವರ್ಗವನ್ನು 4ರಿಂದ ಭಾಗಿಸಿ 51.8 ವ್ಯಾಟ್! ಜಾಹೀರಾತಿನ ಅಂಕಿ ಅದು, ಕಿವಿಗೆ ಹಿತವಾದ ಅಂಕಿ ಅಲ್ಲ.

ಬ್ರಿಜ್ ಪದ್ಧತಿಯಲ್ಲಿ ಸ್ಪೀಕರಿನ ಎರಡೂ ತಂತಿ ಜೀವಂತ. ಹಳೆಯ ಕಾರಿನ ವೈರಿಂಗ್ ಹಾಗೇ ಇಟ್ಟು, ಒಂದು ತಂತಿಯನ್ನು ಬಾಡಿಗೆ ಸೇರಿಸಿ ಹೊಸ ಸೆಟ್ ಹಾಕಿದರೆ ಸೆಟ್ಟೇ ಸುಟ್ಟುಹೋಗಬಹುದು.

ಹೊರಗಿನ ದೊಡ್ಡ ಆಂಪ್ಲಿಫೈಯರ್ ಹಾಕುವವರಿಗಾಗಿ ಅಂಗಡಿಯಲ್ಲಿ ಸಿಗುವ ಸೆಟ್‌ಗಳ ಬೆನ್ನಿಗೆ ಆರ್‌ಸಿಎ ಕಿಂಡಿ ಇರುತ್ತದೆ. ಅದರಲ್ಲಿ ಬರುವುದು ಇನ್ನೂ ಬಲ ತುಂಬದ ಸಿಗ್ನಲ್, 2ರಿಂದ 4 ವೋಲ್ಟ್ ಅಷ್ಟೇ. ಸ್ಪೀಕರ್ ತಂತಿಯಲ್ಲಿ ಹರಿಯುವುದು 10 ವೋಲ್ಟಿನ ತನಕವೂ ಹೋಗುತ್ತದೆ. ಕಾರಿನೊಂದಿಗೇ ಬಂದ ಫ್ಯಾಕ್ಟರಿ ಸೆಟ್‌ಗೆ ಸಾಮಾನ್ಯವಾಗಿ ಆರ್‌ಸಿಎ ಕಿಂಡಿಯೇ ಇಲ್ಲ. ಹಾಗಾಗಿ ಸ್ಪೀಕರ್ ತಂತಿಗೇ ಕೈ ಹಾಕಿ, ಕನ್ವರ್ಟರ್ ಎಂಬ ಪುಟ್ಟ ಡಬ್ಬಿಯಿಂದ ವೋಲ್ಟೇಜ್ ಇಳಿಸಿ ಆಂಪ್ಲಿಫೈಯರಿಗೆ ಕೊಡುತ್ತಾರೆ. ಬಹಳ ಕಾಲ ಇದು ಚೆನ್ನಾಗಿಯೇ ನಡೆಯಿತು.

ಕಥೆ ತಿರುಗಿದ್ದು ನಮ್ಮವರ ಮಗನೊಬ್ಬನಿಂದ. ಬ್ರಿಟಿಷರ ಕಾಲದಲ್ಲಿ ಅಮೆರಿಕಕ್ಕೆ ಹೋದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್. ಅವರ ಕಂಪನಿ ಜನರಲ್ ಮೋಟರ್ಸ್ ಜೊತೆ ಸೇರಿ, 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್ ಮೊದಲಾದ ಕಾರುಗಳಿಗೆ ಆ ಕಾರಿನ ಒಳಾಂಗಣಕ್ಕೆಂದೇ ಅಳೆದು ಮಾಡಿದ ಸ್ಟೀರಿಯೋ ಕೊಟ್ಟಿತು. ಪ್ರತಿ ಸ್ಪೀಕರಿನ ಬೆನ್ನಿಗೇ ಒಂದು ಆಂಪ್ಲಿಫೈಯರ್! ಡ್ಯಾಶ್‌ಬೋರ್ಡಿನ ಡಬ್ಬಿ, ಸ್ಪೀಕರ್, ಸೀಟು, ಗಾಜು ಎಲ್ಲ ಸೇರಿ ಒಂದೇ ಲೆಕ್ಕ. ಹಾಡು ಚಂದವಾಯಿತು, ಆದರೆ ಒಂದನ್ನು ಮಾತ್ರ ಬದಲಿಸುವ ಸ್ವಾತಂತ್ರ್ಯ ಹೋಯಿತು.

1986ರಲ್ಲಿ ಬಾಷ್ ಕಂಪನಿ ಕ್ಯಾನ್ ಎಂಬ ಜಾಲ ತಂದಿತು. ಕಾರಿನ ಬೇರೆ ಬೇರೆ ಭಾಗಗಳು ಒಂದೇ ಜೋಡಿ ತಂತಿಯಲ್ಲಿ ಮಾತಾಡತೊಡಗಿದವು. 2001ರ ಬಿಎಂಡಬ್ಲ್ಯೂ 7 ಸೀರೀಸ್ ಕಾರಿನಲ್ಲಿ ಮೋಸ್ಟ್ ಎಂಬ ಜಾಲ ಬಂತು: ಹಾಡು ಪ್ಲಾಸ್ಟಿಕ್ ಫೈಬರಿನೊಳಗೆ ಬೆಳಕಾಗಿ, ಅಂಕಿಗಳಾಗಿ ಓಡುತ್ತದೆ. ಅದನ್ನು ಕತ್ತರಿಸಿ ಆರ್‌ಸಿಎ ಕೇಬಲ್ ಬೆಸೆಯುವಂತಿಲ್ಲ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆಯಲ್ಲಿ ಲೆಡ್ಜರ್ ಹುಡುಕಿದ ಹಾಗೆ!

ಈ ಮೂರೂ ಕಾಲದ ಕಾರುಗಳು ಇವತ್ತು ಒಂದೇ ಸಿಗ್ನಲ್ಲಿನಲ್ಲಿ ಪಕ್ಕಪಕ್ಕ ನಿಂತಿರುತ್ತವೆ. ಅಂಗಡಿಯವರ ಮದ್ದು ಮಾತ್ರ ಎಲ್ಲಕ್ಕೂ ಒಂದೇ. ನಮ್ಮ ಸೊಸೈಟಿಯ ಮಂಗಳೂರಿನವರೊಬ್ಬರು ಊರಿಗೆ ಡ್ರೈವ್ ಮಾಡುವಾಗ ಹಳೆಯ ಹಾಡು ಚೆನ್ನಾಗಿ ಕೇಳಲಿ ಅಂತ ಸಾಕಷ್ಟು ದುಡ್ಡು ಸುರಿದರು. ವಾಲ್ಯೂಮ್ ಏರಿಸಿದಷ್ಟೂ ಬೇಸ್ ಮಾಯ. ಸ್ಪೀಕರ್ ಕೆಟ್ಟಿದೆ ಅಂತ ಎರಡು ಸಲ ಬದಲಿಸಿದ್ದೂ ಆಯಿತು. ನಿಜ ಕಾರಣ ಬೇರೆ. ಸಣ್ಣ ಸ್ಪೀಕರ್ ಹರಿಯದಿರಲಿ ಅಂತ ಎಷ್ಟೋ ಫ್ಯಾಕ್ಟರಿ ಸೆಟ್‌ಗಳು ವಾಲ್ಯೂಮ್ ಏರಿದಂತೆ ತಾವೇ ಬೇಸ್ ಕಡಿಮೆ ಮಾಡುತ್ತವೆ. ಸ್ಪೀಕರ್ ಎಷ್ಟು ದೊಡ್ಡದಾದರೇನು, ಮೇಲಿನಿಂದಲೇ ಮಂಜೂರಾಗದ್ದು ಕೆಳಗೆ ಬರುವುದು ಹೇಗೆ? ಇನ್ನು ಕೆಲವು ಕಾರುಗಳಲ್ಲಿ ಚಿಕ್ಕ ಸ್ಪೀಕರಿಗೆ ಕೀಚು ಸ್ವರ, ದೊಡ್ಡದಕ್ಕೆ ದಪ್ಪ ಸ್ವರ ಅಂತ ಮೊದಲೇ ಪಾಲು ಮಾಡಿರುತ್ತಾರೆ. ಒಂದೇ ತಂತಿಗೆ ಕೈ ಹಾಕಿದರೆ ಸಿಗುವುದು ಅರ್ಧ ಹಾಡು. ಪಾಲಾದದ್ದನ್ನು ಮತ್ತೆ ಕೂಡಿಸಿ, ತಿದ್ದಿದ್ದನ್ನು ಸಮ ಮಾಡುವ ಪ್ರೊಸೆಸರ್ ಬೇಕಾಗುತ್ತದೆ.

ಹಾಗಾಗಿ ಆಂಪ್ಲಿಫೈಯರ್ ಆರಿಸುವ ಮೊದಲು ಮೂರು ವಿಷಯ ವಿಚಾರಿಸಿ. ನಿಮ್ಮ ಕಾರಿನಲ್ಲಿ ಕಂಪನಿಯದೇ ಬೇರೆ ಆಂಪ್ಲಿಫೈಯರ್ ಇದೆಯೇ? ಅದಕ್ಕೆ ಹೋಗುವುದು ಸಾಮಾನ್ಯ ತಂತಿಯೇ, ಡಿಜಿಟಲ್ ಜಾಲವೇ? ಸ್ಪೀಕರ್ ತಂತಿಯಲ್ಲಿ ಪೂರ್ತಿ ಹಾಡು ಬರುತ್ತದೆಯೇ? ಮೂರನೆಯದನ್ನು ಅಂಗಡಿಯವರು ಅಳೆದೇ ತೋರಿಸಲಿ. ಆಸಿಲೋಸ್ಕೋಪ್ ಇದ್ದವರಿಗೆ ಅರ್ಧ ಗಂಟೆಯ ಕೆಲಸ. ಅಳೆಯಲು ಒಪ್ಪದವರ ಎಸ್ಟಿಮೇಟಿಗೆ ಸಹಿ ಹಾಕಬೇಡಿ. ಸಾಲದ ಅರ್ಜಿಗೂ ನಾವು ಕೇಳುವುದು ಇಷ್ಟೇ ತಾನೆ: ಮೊದಲು ಕಾಗದಪತ್ರ ತೋರಿಸಿ, ಆಮೇಲೆ ದುಡ್ಡು.