ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ: ಗಾಳದ ಮೀನುಗಾರಿಕೆ ಮತ್ತು ವನ್ಯಜೀವಿ ವೀಕ್ಷಣೆಗೆ ತೆರಳುವವರಿಗೆ ಮಾಹಿತಿ

ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನವು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿದೆ. 754.4 ಚದರ ಕಿ.ಮೀ. ವಿಸ್ತೀರ್ಣದ ಈ ಪ್ರದೇಶವನ್ನು 1999ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಅಂತಿಮವಾಗಿ ಘೋಷಿಸಲಾಯಿತು. 2014ರಲ್ಲಿ, ಹೊಂದಿಕೊಂಡಿರುವ ತೀರ್ಥನ್ ಮತ್ತು ಸೈಂಜ್ ವನ್ಯಜೀವಿಧಾಮಗಳೂ ಸೇರಿದಂತೆ, ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಉದ್ಯಾನದ ಪಶ್ಚಿಮ ಅಂಚಿನಲ್ಲಿ 265.6 ಚದರ ಕಿ.ಮೀ. ವಿಸ್ತೀರ್ಣದ ಪರಿಸರ ವಲಯವಿದ್ದು, ಜನವಸತಿಯ ಹಳ್ಳಿಗಳು, ಸೇಬಿನ ತೋಟಗಳು ಮತ್ತು ಅತಿಥಿಗೃಹಗಳು ಈ ವಲಯದಲ್ಲಿಯೇ ಇವೆ.

ಪ್ರವಾಸದ ಯೋಜನೆ ಹಾಕುವವರು ಮೊದಲು ಅರಿಯಬೇಕಾದುದು ಈ ಎರಡು ಭಾಗಗಳ ವ್ಯತ್ಯಾಸವನ್ನು. ತೀರ್ಥನ್ ನದಿಯು ಉದ್ಯಾನದ ಹಿಮಶಿಖರಗಳಲ್ಲಿ ಹುಟ್ಟಿ, ಪರಿಸರ ವಲಯದ ಮೂಲಕ ಹರಿದು, ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತದೆ. ನದಿ ಒಂದೇ ಆದರೂ ನಿಯಮಗಳು ಎರಡು. ಗಾಳ ಹಾಕುವುದು ಉದ್ಯಾನದ ಗಡಿಯ ಕೆಳಗೆ. ವನ್ಯಜೀವಿಗಳನ್ನು ನೋಡುವುದು ಗಡಿಯ ಮೇಲೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗಿನಿಂದ ಯಾವುದೇ ವನ್ಯಜೀವಿಯನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಆದುದರಿಂದ ಚಾರಣಕ್ಕೆ ಹೊರಡುವಾಗ ಗಾಳದ ಕೋಲನ್ನು ಅತಿಥಿಗೃಹದಲ್ಲಿಯೇ ಇರಿಸುವುದು ಕ್ಷೇಮ. ಕರ್ನಾಟಕದ ಹವ್ಯಾಸಿಗಳಿಗೆ ಈ ವಿಚಾರ ಹೊಸದಲ್ಲ. ಕಾವೇರಿ ವನ್ಯಜೀವಿಧಾಮದ ಶಿಬಿರಗಳಲ್ಲಿ ನಡೆಯುತ್ತಿದ್ದ ಮಹಶೀರ್ ಮೀನಿನ ಗಾಳದ ಕ್ರೀಡೆಯು 2010ರ ದಶಕದ ಆರಂಭದಲ್ಲಿ ನಿಂತದ್ದು ಇದೇ ಕಾಯ್ದೆಯ ಹಿನ್ನೆಲೆಯಲ್ಲಿ.

ಎರಡು ಅನುಮತಿಗಳು

ಮೀನು ಹಿಡಿಯಲು ಹಿಮಾಚಲ ಪ್ರದೇಶ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಉದ್ಯಾನ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇದನ್ನು ಶಮ್ಶಿಯಲ್ಲಿರುವ ಉದ್ಯಾನದ ಕಚೇರಿಯಲ್ಲಿ ಅಥವಾ ತೀರ್ಥನ್ ಕಣಿವೆಯ ಸಾಯಿ ರೋಪಾ ಕೇಂದ್ರದಲ್ಲಿ ಪಡೆಯಬಹುದು. ಒಂದರ ಪರವಾನಗಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಅತಿಥಿಗೃಹದವರು ಪರವಾನಗಿ ಕೊಡಿಸಿಕೊಡುವುದಾಗಿ ಹೇಳಿದಲ್ಲಿ, ಪ್ರವಾಸಿಯ ಹೆಸರು ಹಾಗೂ ದಿನಾಂಕವಿರುವ ಪತ್ರವನ್ನು ಕೈಯಲ್ಲಿ ಪಡೆದ ನಂತರವೇ ನದಿಗೆ ಇಳಿಯತಕ್ಕದ್ದು. ಶುಲ್ಕ, ದಿನವೊಂದಕ್ಕೆ ಹಿಡಿಯಬಹುದಾದ ಮೀನಿನ ಸಂಖ್ಯೆ ಮತ್ತು ಕನಿಷ್ಠ ಅಳತೆಯನ್ನು ಪರವಾನಗಿ ಪಡೆಯುವಾಗಲೇ ಕೇಳಿ ತಿಳಿಯುವುದು.

ತೆರಳಲು ಸೂಕ್ತ ಕಾಲ

ಹಿಮಾಚಲದ ಟ್ರೌಟ್ ನದಿಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಅಂತ್ಯದವರೆಗೆ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಈ ತಿಂಗಳುಗಳಲ್ಲಿ ಟ್ರೌಟ್ ಮೀನು ನದಿತಳದ ಸಣ್ಣ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಯಿಂದ ನೀರು ಕದಡಿರುತ್ತದೆ, ರಸ್ತೆಗಳು ಕುಸಿಯುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ ಹಿಮ ಕರಗಿ ನದಿ ಉಕ್ಕುತ್ತದೆ. ಹೀಗೆ ಕಳೆದರೆ ಗಾಳ ಹಾಕಲು ಉತ್ತಮವಾಗಿ ಉಳಿಯುವುದು ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಕೊನೆಯವರೆಗಿನ ಅವಧಿ ಮಾತ್ರ.

ವನ್ಯಜೀವಿ ವೀಕ್ಷಣೆಯ ದೃಷ್ಟಿಯಿಂದ ಈ ಎರಡು ಅವಧಿಗಳು ಸಮಾನವಲ್ಲ. ಮಾರ್ಚ್‌ನಲ್ಲಿ ಎತ್ತರದ ದಾರಿಗಳು ಹಿಮದಡಿ ಇರುತ್ತವೆ. ಏಪ್ರಿಲ್ ಕೊನೆಯ ವಾರಗಳು ಪಕ್ಷಿಪ್ರಿಯರಿಗೆ ಅನುಕೂಲಕರ. ಆಗ ಕಾಡುಕೋಳಿ ವರ್ಗದ ಹಕ್ಕಿಗಳ ಕೂಗು ಬೆಳಗಿನ ಜಾವ ಕೇಳಿಬರುತ್ತದೆ. ಅಕ್ಟೋಬರ್‌ನಲ್ಲಿ ಆಕಾಶ ಶುಭ್ರವಾಗಿದ್ದು, ದೂರದ ಇಳಿಜಾರುಗಳಲ್ಲಿ ಮೇಯುವ ಪ್ರಾಣಿಗಳು ದುರ್ಬೀನಿಗೆ ಸುಲಭವಾಗಿ ಸಿಗುತ್ತವೆ. ಒಂದೇ ಪ್ರವಾಸದಲ್ಲಿ ಎರಡನ್ನೂ ಬಯಸುವವರಿಗೆ ಅಕ್ಟೋಬರ್ ತಿಂಗಳೇ ಮೇಲು. ಆದರೆ ತಿಂಗಳ ಕೊನೆಯ ದಿನಗಳಲ್ಲಿ ಟ್ರೌಟ್ ಮೊಟ್ಟೆಯಿಡುವ ಕಾಲ ಸಮೀಪಿಸುವುದರಿಂದ ನೀರಿನೊಳಗೆ ಸಣ್ಣ ಕಲ್ಲುಗಳ ಮೇಲೆ ನಡೆದಾಡದೆ ದಡದಿಂದಲೇ ಗಾಳ ಹಾಕುವುದು ಒಳ್ಳೆಯದು.

ನದಿಯಲ್ಲಿ

ಇಲ್ಲಿನ ಕಂದು ಟ್ರೌಟ್ ಈ ನಾಡಿನ ಮೀನಲ್ಲ. ಬ್ರಿಟಿಷರು ಯುರೋಪಿನಿಂದ ಕಾಶ್ಮೀರಕ್ಕೆ ತಂದ ತಳಿಯನ್ನು 1909ರಲ್ಲಿ ಅಲ್ಲಿಂದ ಕುಲ್ಲು ಕಣಿವೆಗೆ ತರಲಾಯಿತು. ಕಾಮನಬಿಲ್ಲು ಟ್ರೌಟ್ ಕೂಡ ಹೊರಗಿನದೇ. ಮೂಲನಿವಾಸಿಯಾದ ಹಿಮಟ್ರೌಟ್ (ಸ್ಕಿಜೋಥೊರಾಕ್ಸ್) ಹೆಸರಿಗೆ ಟ್ರೌಟ್ ಆದರೂ ಗೆಂಡೆ ಮೀನಿನ ಕುಲಕ್ಕೆ ಸೇರಿದ್ದು. ಅದು ಗಾಳಕ್ಕೆ ಸಿಕ್ಕಲ್ಲಿ ಒದ್ದೆ ಕೈಯಿಂದ ಹಿಡಿದು ತಕ್ಷಣ ನೀರಿಗೆ ಬಿಡುವುದು ಉಚಿತ. ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸಿದರೆ ಮೀನಿಗೆ ಗಾಯ ಕಡಿಮೆ. ಪರವಾನಗಿ ಇರುವುದು ಗಾಳದ ಕೋಲು ಮತ್ತು ದಾರಕ್ಕೆ ಮಾತ್ರ. ಬಲೆ, ಸಿಡಿಮದ್ದು, ಬ್ಲೀಚಿಂಗ್ ಪುಡಿ ಇವುಗಳ ಬಳಕೆ ಅಪರಾಧ. ಬಂಡೆಗಳು ಜಾರುವುದರಿಂದಲೂ, ನೀರು ಅತಿ ತಣ್ಣಗಿರುವುದರಿಂದಲೂ ಒಬ್ಬರೇ ನದಿಗೆ ಇಳಿಯಬಾರದು.

ಉದ್ಯಾನದಲ್ಲಿ

ಬಂಡೀಪುರ, ನಾಗರಹೊಳೆಗಳ ರೂಢಿಯವರು ಇಲ್ಲಿ ಸಫಾರಿ ಜೀಪನ್ನು ನಿರೀಕ್ಷಿಸಬಾರದು. ಉದ್ಯಾನದೊಳಗೆ ವಾಹನ ಮಾರ್ಗವಿಲ್ಲ. ಗುಶೈನಿಯ ಕಡೆಯಿಂದ ನದಿಯ ದಡದ ಕಾಲುದಾರಿಯಲ್ಲಿ ಅರ್ಧ ದಿನ ನಡೆದರೆ ರೋಲ್ಲಾ ಎಂಬ ತಂಗುದಾಣ. ಅಲ್ಲಿಂದ ಕಡಿದಾದ ಏರುದಾರಿಯಲ್ಲಿ ಶಿಲ್ಟ್. ಹಿಮ ಚಿರತೆ, ಕಂದು ಕರಡಿ, ಕಸ್ತೂರಿ ಮೃಗ, ನೀಲಿ ಕುರಿ, ಹಿಮಾಲಯದ ತಾಹ್ರ್ ಇವೆಲ್ಲ ಉದ್ಯಾನದಲ್ಲಿವೆ ಎಂಬುದು ನಿಜ. ಮೂರು ದಿನದ ಚಾರಣದಲ್ಲಿ ಇವುಗಳಲ್ಲಿ ಒಂದನ್ನಾದರೂ ಕಂಡವರು ಅದೃಷ್ಟಶಾಲಿಗಳು. ಗೋರಲ್, ಮೋನಾಲ್ ಹಕ್ಕಿ ಇವು ಕಾಣುವ ಸಂಭವ ಹೆಚ್ಚು. ಹಿಮಾಚಲದ ರಾಜ್ಯಪಕ್ಷಿಯಾದ ಪಶ್ಚಿಮ ಟ್ರಾಗೋಪಾನ್ ಹಕ್ಕಿಯನ್ನು ಸ್ಥಳೀಯರು 'ಜುಜುರಾಣಾ', ಅಂದರೆ ಹಕ್ಕಿಗಳ ರಾಜ, ಎನ್ನುತ್ತಾರೆ. ದೇವರು ಎಲ್ಲ ಹಕ್ಕಿಗಳಿಂದ ಒಂದೊಂದು ಗರಿ ಪಡೆದು ಇದನ್ನು ಮಾಡಿದನೆಂಬುದು ಅಲ್ಲಿನವರ ನಂಬಿಕೆ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವುದು ಸಲ್ಲದು. ಗೂಡು ಕಟ್ಟುವ ಕಾಲದಲ್ಲಿ ಅದು ಹಕ್ಕಿಯನ್ನು ವೃಥಾ ದಣಿಸುತ್ತದೆ.

ಸ್ಥಳೀಯ ಮಾರ್ಗದರ್ಶಿ ಮತ್ತು ಹಮಾಲರನ್ನು ನೇಮಿಸಿಕೊಳ್ಳುವುದು ಸುರಕ್ಷತೆಗಾಗಿ ಮಾತ್ರವಲ್ಲ. ಉದ್ಯಾನ ಘೋಷಣೆಯಾದಾಗ ಈ ಹಳ್ಳಿಗಳವರು ಕುರಿ ಮೇಯಿಸುವ, ಗಿಡಮೂಲಿಕೆ ಹಾಗೂ 'ಗುಚ್ಛಿ' ಅಣಬೆ ಆಯುವ ನೆಲೆಗಳನ್ನು ಬಿಟ್ಟುಕೊಡಬೇಕಾಯಿತು. ಚಾರಣಿಗರಿಂದ ಬರುವ ಕೂಲಿಯು ಆ ನಷ್ಟವನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಆದ್ದರಿಂದ ದೂರದ ನಗರದಿಂದ ತಂಡವನ್ನು ಕರೆತರುವುದಕ್ಕಿಂತ ಗುಶೈನಿ ಅಥವಾ ಸಾಯಿ ರೋಪಾದಲ್ಲಿ ವಿಚಾರಿಸುವುದು ಯುಕ್ತ.

ತಲುಪುವ ಬಗೆ

ಬೆಂಗಳೂರಿನಿಂದ ಹೋಗುವವರು ದೆಹಲಿ ಅಥವಾ ಚಂಡೀಗಢದವರೆಗೆ ವಿಮಾನ ಇಲ್ಲವೆ ರೈಲಿನಲ್ಲಿ ತೆರಳಿ, ಅಲ್ಲಿಂದ ಮಂಡಿಯ ಮೂಲಕ ರಸ್ತೆಯಲ್ಲಿ ಸಾಗಬೇಕು. ಮನಾಲಿ ಹೆದ್ದಾರಿಯನ್ನು ಔಟ್ ಸುರಂಗದ ಬಳಿ ಬಿಟ್ಟು ಲಾರ್ಜಿ, ಬಂಜಾರ್ ಮಾರ್ಗವಾಗಿ ಗುಶೈನಿ ತಲುಪಬಹುದು. ಸಮೀಪದ ವಿಮಾನ ನಿಲ್ದಾಣ ಭುಂತರ್. ಹವಾಮಾನ ಕೆಟ್ಟಲ್ಲಿ ಅಲ್ಲಿಗೆ ವಿಮಾನಗಳು ಬರುವುದಿಲ್ಲ. ಬಂದ ಮೊದಲ ದಿನವನ್ನು ನದಿಯ ದಡದಲ್ಲಿ ಕಳೆದು, ಮರುದಿನ ಏರುವುದರಿಂದ ದೇಹವು ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಕಂಡುಬಂದಲ್ಲಿ ಮೇಲೇರದೆ ಕೆಳಗಿಳಿಯತಕ್ಕದ್ದು. 2023 ಮತ್ತು 2025ರ ಮಳೆಗಾಲಗಳಲ್ಲಿ ಕುಲ್ಲು ಜಿಲ್ಲೆಯ ರಸ್ತೆ, ಸೇತುವೆಗಳಿಗೆ ಭಾರಿ ಹಾನಿಯಾಗಿದ್ದು, ಹೊರಡುವ ಮುನ್ನ ದಾರಿಯ ಸ್ಥಿತಿಯನ್ನು ಉದ್ಯಾನದ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು.