ಅತಿಥಿ ಕಾರ್ಮಿಕರ ಗಡುವು: ಜರ್ಮನಿಯ ವಾಸ ಪರವಾನಗಿಯ ಚರಿತ್ರೆ

ಪಶ್ಚಿಮ ಜರ್ಮನಿ 1955ರ ಡಿಸೆಂಬರ್‌ನಲ್ಲಿ ಇಟಲಿಯೊಡನೆ ಕಾರ್ಮಿಕರ ನೇಮಕಾತಿಯ ಒಪ್ಪಂದ ಮಾಡಿಕೊಂಡಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ಸೇರಿದವು. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವ ಜರ್ಮನಿಯಿಂದ ಕೆಲಸಗಾರರು ಬರುವುದು ನಿಂತುಹೋಯಿತು. ಎರಡು ತಿಂಗಳ ಬಳಿಕ ತುರ್ಕಿಯೊಡನೆ ಒಪ್ಪಂದವಾಯಿತು. ಇಸ್ತಾಂಬುಲ್‌ನ ನೇಮಕಾತಿ ಕಚೇರಿಯಲ್ಲಿ ಹಲ್ಲು, ರಕ್ತ, ಮೂತ್ರ ಎಲ್ಲವನ್ನೂ ಪರೀಕ್ಷಿಸಿ, ಗಟ್ಟಿಮುಟ್ಟಾದವರನ್ನು ರೈಲು ಹತ್ತಿಸಿ ಮ್ಯೂನಿಕ್‌ಗೆ ಕಳಿಸುತ್ತಿದ್ದರು. ಅವರಿಗೆ ಸಿಕ್ಕ ಹೆಸರು ‘ಅತಿಥಿ ಕಾರ್ಮಿಕರು’.

ತುರ್ಕಿಯ ಒಪ್ಪಂದದಲ್ಲಿ ವಾಸದ ಗರಿಷ್ಠ ಅವಧಿ ಎರಡೇ ವರ್ಷ. ಒಬ್ಬನ ಗಡುವು ಮುಗಿದರೆ ಅವನು ಊರಿಗೆ ಮರಳಬೇಕು, ಅವನ ಜಾಗಕ್ಕೆ ಇನ್ನೊಬ್ಬ ಬರಬೇಕು. ಇದನ್ನು ಮೊದಲು ವಿರೋಧಿಸಿದವರು ಕಾರ್ಖಾನೆಗಳ ಮಾಲೀಕರೇ. ಕೆಲಸ ಕಲಿಸಿದವನನ್ನು ಕಳಿಸಿ ಮತ್ತೆ ಹೊಸಬನಿಗೆ ಕಲಿಸುವುದು ಅವರಿಗೆ ನಷ್ಟದ ಬಾಬತ್ತು. 1964ರಲ್ಲಿ ಆ ಷರತ್ತು ಹೋಯಿತು.

ಗಡುವು ಹೋದರೂ ಅಭದ್ರತೆ ಹೋಗಲಿಲ್ಲ. 1965ರ ವಿದೇಶೀಯರ ಕಾಯ್ದೆಯ ಪ್ರಕಾರ, ದೇಶದ ಹಿತಕ್ಕೆ ಧಕ್ಕೆಯಾಗದಿದ್ದರೆ ವಾಸ ಪರವಾನಗಿ ಕೊಡಬಹುದಿತ್ತು, ಕೊಡಲೇಬೇಕೆಂದೇನೂ ಇರಲಿಲ್ಲ. ಎಲ್ಲವೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಮೊದಲ ಪರವಾನಗಿ ಸಾಮಾನ್ಯವಾಗಿ ಒಂದು ವರ್ಷದ್ದು, ಕೆಲಸದ ಪರವಾನಗಿ ಒಂದೇ ಕಂಪನಿಗೆ ಕಟ್ಟಿದ್ದು. ಕೆಲಸ ಹೋದರೆ ವಾಸಕ್ಕೂ ಸಂಚಕಾರ. ಮುಂದಿನ ವರ್ಷ ಇಲ್ಲಿರುತ್ತೇನೋ ಇಲ್ಲವೋ ಎಂದು ತಿಳಿಯದವನು ಭಾಷೆ ಕಲಿಯಲು, ಮನೆ ಮಾಡಲು, ಹೊಸ ಕಸುಬಿಗೆ ಕೈಹಾಕಲು ಹಿಂಜರಿದದ್ದು ಸಹಜ. ಹಲವರು ಕಂಪನಿಯ ವಸತಿಗೃಹದಲ್ಲೇ ಉಳಿದು ಊರಿಗೆ ಹಣ ಕಳಿಸುತ್ತ ಕಾಲ ಕಳೆದರು. ಇದನ್ನು ಅವರ ಸ್ವಭಾವವೆಂದು ಬಗೆದವರು ಕೈಯಲ್ಲಿದ್ದ ಕಾಗದವನ್ನು ಗಮನಿಸಲಿಲ್ಲ.

ಕಾಗದವೇ ಕಾರಣವೆಂಬುದಕ್ಕೆ ಇಟಲಿಯವರೇ ಸಾಕ್ಷಿ. 1968ರಿಂದ ಯುರೋಪಿಯನ್ ಸಮುದಾಯದೊಳಗೆ ಕಾರ್ಮಿಕರ ಮುಕ್ತ ಸಂಚಾರ ಹಕ್ಕಾಯಿತು. ಇಟಲಿಯವನು ಕೆಲಸ ಬಿಟ್ಟು ಊರಿಗೆ ಹೋಗಿ, ಬೇಕೆಂದಾಗ ಮರಳಬಹುದಿತ್ತು. ಅದೇ ಯಂತ್ರದ ಮುಂದೆ ನಿಂತ ತುರ್ಕಿಯವನಿಗೆ ಆ ದಾರಿ ಇರಲಿಲ್ಲ.

1973ರ ನವೆಂಬರ್‌ನಲ್ಲಿ, ತೈಲ ಬಿಕ್ಕಟ್ಟಿನ ನಡುವೆ, ಸರ್ಕಾರ ನೇಮಕಾತಿಯನ್ನು ನಿಲ್ಲಿಸಿತು. 1955ರಿಂದ ಅಲ್ಲಿಯವರೆಗೆ ಬಂದವರು ಸುಮಾರು 1 ಕೋಟಿ 40 ಲಕ್ಷ. ಅವರಲ್ಲಿ ಸುಮಾರು 1 ಕೋಟಿ 10 ಲಕ್ಷ ಮಂದಿ ಮರಳಿಹೋಗಿದ್ದರು. ಬಾಗಿಲು ಮುಚ್ಚಿದರೆ ಉಳಿದವರೂ ಕರಗುತ್ತಾರೆಂಬ ಲೆಕ್ಕ ತಲೆಕೆಳಗಾಯಿತು. ಒಮ್ಮೆ ಹೊರಟರೆ ಮತ್ತೆ ಬರಲಾಗದು ಎಂದು ಗೊತ್ತಾದಮೇಲೆ ಜನ ಹೊರಡಲಿಲ್ಲ. ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. 1975ರಲ್ಲಿ ತಾಯ್ನಾಡಿನಲ್ಲಿದ್ದ ಮಕ್ಕಳಿಗೆ ಸಿಗುವ ಭತ್ಯೆ ಕಡಿಮೆಯಾದದ್ದೂ ಇದಕ್ಕೆ ಒತ್ತಾಸೆಯಾಯಿತು. ಆದರೆ 1974ರ ನವೆಂಬರ್ ಬಳಿಕ ಬಂದ ಕುಟುಂಬದವರಿಗೆ ಕೆಲಸದ ಪರವಾನಗಿ ಕೊಡಬಾರದೆಂಬ ನಿಯಮವಿತ್ತು. ಆ ದಿನಾಂಕವನ್ನು ಆಮೇಲೆ ಮುಂದೂಡಿದರು, ನಿಯಮವನ್ನೂ ಸಡಿಲಿಸಿದರು. ಅಷ್ಟರಲ್ಲಿ ಶಾಲೆ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಕಸುಬು ಕಲಿಯಬೇಕಾದ ವಯಸ್ಸಿನಲ್ಲಿ ಸುಮ್ಮನೆ ಕೂರಬೇಕಾಯಿತು. ಇದರಲ್ಲಿ ಆ ಮಕ್ಕಳ ತಪ್ಪೇನೂ ಇರಲಿಲ್ಲ. ಪಶ್ಚಿಮ ಬರ್ಲಿನ್ 1975ರಲ್ಲಿ ಕ್ರಾಯ್ಟ್ಸ್‌ಬರ್ಗ್, ವೆಡ್ಡಿಂಗ್, ಟೀರ್‌ಗಾರ್ಟನ್ ಬಡಾವಣೆಗಳಿಗೆ ಹೊಸ ವಿದೇಶೀಯರು ವಾಸಕ್ಕೆ ಬಾರದಂತೆ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿತು. ಯಾವ ಬಡಾವಣೆಯಲ್ಲಿ ಇರಬಾರದೆಂಬುದನ್ನೂ ಪರವಾನಗಿಯೇ ಹೇಳತೊಡಗಿತು.

1978ರ ಬಳಿಕ ಐದು ವರ್ಷ ಇದ್ದವರಿಗೆ ಅವಧಿಯಿಲ್ಲದ ಪರವಾನಗಿಯ ದಾರಿ ತೆರೆಯಿತು. ಆದರೂ 1983ರಲ್ಲಿ ಸರ್ಕಾರ, ನಿರ್ದಿಷ್ಟ ಷರತ್ತಿಗೆ ಒಳಪಟ್ಟು, ಮರಳಿಹೋಗುವ ಕಾರ್ಮಿಕರಿಗೆ 10,500 ಮಾರ್ಕ್ ಕೊಡಲು ಮುಂದಾಯಿತು. ಹಣ ಪಡೆದವರು ವಾಸದ ಹಕ್ಕನ್ನು ಬಿಡಬೇಕಿತ್ತು.

2000ದ ಜನವರಿಯಿಂದ ಜರ್ಮನಿಯಲ್ಲಿ ಹುಟ್ಟಿದ ವಿದೇಶೀಯರ ಮಕ್ಕಳಿಗೂ ಪೌರತ್ವ ಸಿಗತೊಡಗಿತು. ಅದಕ್ಕೆ ತಂದೆ ಅಥವಾ ತಾಯಿ ಎಂಟು ವರ್ಷದಿಂದ ನೆಲೆಸಿದ್ದು, ಭದ್ರವಾದ ವಾಸ ಹಕ್ಕು ಪಡೆದಿರಬೇಕಿತ್ತು. ಹೀಗೆ ಹೆತ್ತವರ ಪರವಾನಗಿ ಮಗುವಿನ ಪೌರತ್ವವನ್ನೂ ನಿರ್ಧರಿಸಿತು. ಅದೇ ವರ್ಷ ಐಟಿ ತಜ್ಞರಿಗಾಗಿ ‘ಗ್ರೀನ್ ಕಾರ್ಡ್’ ಬಂತು. ಅದನ್ನು ಪಡೆದವರಲ್ಲಿ ಭಾರತೀಯರೇ ಅತಿ ದೊಡ್ಡ ಗುಂಪು. ಹೆಸರು ಅಮೆರಿಕದ್ದಾದರೂ ಅದು ಶಾಶ್ವತ ವಾಸದ ಹಕ್ಕಲ್ಲ. ಗರಿಷ್ಠ ಐದು ವರ್ಷದ್ದು. 20,000 ಮಂದಿಯ ಗುರಿಯೂ ತುಂಬಲಿಲ್ಲ. 2005ರ ವಲಸೆ ಕಾಯ್ದೆ ಪರವಾನಗಿಗಳ ಗೋಜಲನ್ನು ಬಿಡಿಸಿ, ತಾತ್ಕಾಲಿಕ ವಾಸ ಮತ್ತು ಶಾಶ್ವತ ನೆಲೆ ಎಂಬ ಎರಡು ಮುಖ್ಯ ಬಗೆಗಳನ್ನು ಉಳಿಸಿತು. 2012ರಲ್ಲಿ ಬಂದ ಬ್ಲೂ ಕಾರ್ಡ್ 33 ತಿಂಗಳಲ್ಲಿ, ಜರ್ಮನ್ ಕಲಿತವರಿಗೆ 21 ತಿಂಗಳಲ್ಲಿ, ಶಾಶ್ವತ ನೆಲೆಯ ದಾರಿ ತೋರಿತು. 2024ರ ಜೂನ್‌ನಲ್ಲಿ ಪೌರತ್ವಕ್ಕೆ ಕಾಯಬೇಕಾದ ಅವಧಿ ಎಂಟರಿಂದ ಐದು ವರ್ಷಕ್ಕೆ ಇಳಿಯಿತು. ಹಳೆಯ ಅತಿಥಿ ಕಾರ್ಮಿಕರ ಪೀಳಿಗೆಗೆ ಅದೇ ಕಾಯ್ದೆ ಲಿಖಿತ ಭಾಷಾ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು.