ಮಲೆಗಳಲ್ಲಿ ಮದುಮಗಳು (ರಂಗಪ್ರಯೋಗ)

ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು (1904–1994) ಅವರ 1967ರ ಕಾದಂಬರಿಯನ್ನು ಆಧರಿಸಿದ, ಇಡೀ ರಾತ್ರಿ ನಡೆಯುವ ನಾಟಕ. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ, ಹಂಸಲೇಖ ಸಂಗೀತ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲ ಪ್ರದರ್ಶನ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ನಡೆಯಿತು. ಸುಮಾರು ಒಂಬತ್ತು ಗಂಟೆ, ನಾಲ್ಕು ವೇದಿಕೆ: ಕಥೆ ಜಾಗ ಬದಲಿಸಿದಂತೆ ಪ್ರೇಕ್ಷಕರೂ ಎದ್ದು ನಡೆಯಬೇಕು.

ಕಥೆ ಹತ್ತೊಂಬತ್ತನೆಯ ಶತಮಾನದ ಕೊನೆಯ, ಮಲೆನಾಡಿನ ಮೇಗರವಳ್ಳಿ ಸುತ್ತಿನದು. ಗೌಡ, ಹೆಗ್ಗಡೆ ಮನೆಗಳಲ್ಲಿ ಹೆಣ್ಣು, ಸಾಲ, ಆಸ್ತಿ ಒಂದೇ ಲೆಕ್ಕದಲ್ಲಿ ಸೇರಿಹೋಗಿವೆ. ಹೂವಳ್ಳಿ ವೆಂಕಟಣ್ಣ ಮಗಳು ಚಿನ್ನಮ್ಮನನ್ನು ಸಿಂಬಾವಿ ಭರಮೈ ಹೆಗ್ಗಡೆಗೆ ಎರಡನೆಯ ಹೆಂಡತಿಯಾಗಿ ಕೊಡಲು ಒಪ್ಪುತ್ತಾನೆ. ಅವಳೋ ತಾನು ಮೆಚ್ಚಿದ ಮುಕುಂದಯ್ಯನನ್ನು ನಂಬಿ ಮದುವೆಯ ಹೊತ್ತಿಗೆ ಮನೆ ಬಿಡುತ್ತಾಳೆ. ಇತ್ತ ತಿರುಪತಿಗೆ ಹೋದ ಹಳೆಮನೆಯ ದೊಡ್ಡಣ್ಣ ಹೆಗ್ಗಡೆ ಮರಳುವುದಿಲ್ಲ. ಮನೆಯಲ್ಲಿ ಅವನ ಹೆಂಡತಿ ರಂಗಮ್ಮ ಕಾದು ಕಾದು ಹುಚ್ಚಿಯಾಗುತ್ತಾಳೆ.

ಒಡೆಯರ ಈ ಕಥೆಯ ಜೊತೆಗೆ ಸಾಗುವ ವಲಸೆಯ ಎಳೆ ಆಳುಗಳದು. ಐತ, ಪೀಂಚಲು ತುಳು ಮಾತಾಡುವ ಘಟ್ಟದ ಕೆಳಗಿನವರು. ಗುತ್ತಿ ಎಂಬ ಜೀತದಾಳಿನ ಪಾಲಿಗೆ ಬರುವ ಆಸ್ತಿಯೇ ಇಲ್ಲ. ಅವನು ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ತುಂಬಿದ ತುಂಗಾ ಹೊಳೆ ದಾಟುವಾಗ ಅವನ ನಾಯಿ ಹುಲಿಯನೂ ಹೊಳೆಯ ಪಾಲಾಗುತ್ತದೆ. ನಾಟಕದ ಹೆಚ್ಚುಗಾರಿಕೆ ಇರುವುದು ಇಲ್ಲೇ: ಒಡೆಯರ ಮನೆಗಳಿಗಿಂತ ಓಡಿಹೋಗುವವರ ದಾರಿಗಳೇ ರಂಗದ ಮೇಲೆ ಗಟ್ಟಿಯಾಗಿ ನಿಲ್ಲುತ್ತವೆ.